ಪುಟ ಹದಿನಾಲ್ಕು

ಟೆಂಡರಿನ ಕಾಗದ ನೂರ ಹನ್ನೆರಡು ಪುಟ.
ಅದರೊಳಗೆ ರಕ್ತ ಎಂಬ ಮಾತು ಎರಡೇ ಸಲ,
ಗುಂಡು ಎಂಬುದು ಒಂದೂ ಇಲ್ಲ,
ಗುಂಡಿ ಮಾತ್ರ ಮುನ್ನೂರು:
ಮುಂದಿನ ಗುಂಡಿ, ಹಿಂದಿನ ಗುಂಡಿ, ಮತ್ತೆ ಕೇಳುವ ಗುಂಡಿ,
ಗುಂಡಿಯ ಬಣ್ಣ ಬಣ್ಣಗುರುಡರಿಗೂ ಕಾಣತಕ್ಕದ್ದು.
ಒಟ್ಟು ನಲವತ್ತು ನಿಮಿಷ. ತಲೆಗೆ ಬೀಳುವ ಖರ್ಚು
ಹದಿಮೂರು ಡಾಲರ್ ಎಪ್ಪತ್ತು ಸೆಂಟ್ ಮೀರತಕ್ಕದ್ದಲ್ಲ.

ನಮ್ಮ ಕಂಪನಿಗೇ ಸಿಕ್ಕಿತು. ಆರ್ಲ್ಯಾಂಡೋದಲ್ಲಿ
ವಿಶ್ವವಿದ್ಯಾಲಯದ ಹಿಂದಿನ ರಸ್ತೆಗೆ
ಇಂಥವು ಸಾಲಾಗಿ ಕೂತಿವೆ,
ಕೆರೆಯಂಚಿನ ಬಕಗಳ ಹಾಗೆ, ಒಂದೇ ಕಾಲಲ್ಲಿ,
ಪೆಂಟಗನ್ನಿನ ಮೀನು ಯಾವಾಗ ಮೇಲೆದ್ದೀತೆಂದು.

ನಾನು ಇವೆಲೀಸ್ ಬೆರ್ರಿಯೋಸ್.
ಮೊದಲು ಪೊನ್ಸೆಯಲ್ಲಿ ಮೂರನೇ ತರಗತಿಗೆ ಭಿನ್ನರಾಶಿ ಕಲಿಸುತ್ತಿದ್ದೆ;
ಈಗ ಸೀಳಿದ ತೊಡೆಗೆ ಪಟ್ಟಿ ಬಿಗಿಯುವುದನ್ನು ಕಲಿಸುತ್ತೇನೆ,
ಯಾರ ತೊಡೆಯನ್ನೂ ಮುಟ್ಟದೆ,
ಯಾರ ಮುಖವನ್ನೂ ನೋಡದೆ.
ದಡದಲ್ಲಿ ಕೂತು ಈಜು ಹೇಳಿಕೊಡುವ ಕಸುಬು.

ವಿಷಯ ಬಲ್ಲವನೆಂದು ಸೇನೆ ಕಳಿಸಿದ್ದು
ಲಾನಿ ಟ್ರೆಡ್‌ವೆಲ್‌ನನ್ನು. ಹಿಂದೆ ಮೆಡಿಕ್. ಎಡಗಿವಿ ಮಂದ.
ದಿನಗೂಲಿ, ಪಾರ್ಕಿಂಗ್ ಚೀಟಿ ಬೇರೆ.
ಎರಡು ವಾರ ಮಾತೇ ಇಲ್ಲ. ತೋರಿಸಿದ್ದಕ್ಕೆಲ್ಲ
ಆಗಲಿ ಎಂಬಂತೆ ಗಲ್ಲ ಅಲ್ಲಾಡಿಸುತ್ತಿದ್ದ.
ಪುಟ ಹದಿನಾಲ್ಕು ಬಂತು.
"ಪಟ್ಟಿ ಸರಿಯಾಗಿ ಬಿಗಿದಿದ್ದೀರಿ. ಶಹಬ್ಬಾಸ್!
ಮುಂದಿನ ಗುಂಡಿ ಒತ್ತಿ."

ಲಾನಿ ನನ್ನ ಕೈಯಿಂದ ಮೌಸ್ ತೆಗೆದುಕೊಂಡ.
ಏನೂ ಮಾಡಲಿಲ್ಲ. ಹಿಡಿದುಕೊಂಡು ಕೂತ.
ಆಮೇಲೆ:
ಈ ಗುಂಡಿ ಬೇಗ ಬರುತ್ತದೆ.
ಎಷ್ಟು ಹೊತ್ತು ಬೇಕು?
ಮೂರು ನಿಮಿಷ, ಅಂದ. ಪರದೆಯಲ್ಲಿ ಏನೂ ಇರಬಾರದು.
ಬಾಣ ಬೇಡ, ಗಡಿಯಾರ ಬೇಡ, ಆ ಹೆಂಗಸಿನ ದನಿಯೂ ಬೇಡ.
ಕಟ್ಟುವುದನ್ನು ಎಲ್ಲರೂ ಕಲಿಸುತ್ತಾರೆ. ಕಟ್ಟಿದ ಮೇಲೆ
ಅವನ ಪಕ್ಕ ಕೂತಿರಬೇಕಲ್ಲ, ಅದನ್ನು
ಯಾರೂ ಕಲಿಸುವುದಿಲ್ಲ.
ಯಾವನ ಪಕ್ಕ ಎಂದು ಹೇಳಲಿಲ್ಲ. ನಾನೂ ಕೇಳಲಿಲ್ಲ.
ಹೊರಗೆ ಯಾರದೋ ಕಾರು
ಬೀಗ ಬಿದ್ದದ್ದಕ್ಕೆ ಎರಡು ಸಲ ಕೂಗಿತು.

ಸೇನೆಯ ಪರವಾಗಿ ಸರಕು ಪರೀಕ್ಷಿಸುವವಳು
ಪ್ರುಡೆನ್ಸ್ ಹ್ಯಾಲೊರನ್.
ಮೊಸರಲ್ಲಿ ಕಲ್ಲು ಹುಡುಕುವುದಕ್ಕೇ ಆಕೆಗೆ ಸಂಬಳ.
ದೋಷ ಸಂಖ್ಯೆ ನಲವತ್ತೊಂದು: ಪರದೆ ಕೆಟ್ಟು ನಿಲ್ಲುತ್ತದೆ.
ಕೆಟ್ಟಿಲ್ಲ, ಬರೆದೆ, ಕಾಯುತ್ತಿದೆ.
ಕಾಯುವುದಕ್ಕೆ ಕರಾರಿನಲ್ಲಿ ಕಲಮು ಇಲ್ಲ, ಉತ್ತರ ಬಂತು.
ಎಂಟು ಇಮೇಲು. ಸೊಪ್ಪಿನ ಕಟ್ಟಿಗೆ ಚೌಕಾಸಿ ನಡೆದ ಹಾಗೆ
ಮೂರು ಎರಡಾಯಿತು, ಎರಡು ಒಂದಾಯಿತು,
ಒಂದು ಇಪ್ಪತ್ತು ಸೆಕೆಂಡಿಗೆ ಇಳಿದು ನಿಂತಿತು.
ನಾನು ಸಹಿ ಹಾಕಿದೆ. ಮನೆಯ ಕಂತು ಇತ್ತು.
ಲಾನಿಗೆ ಹೇಳೋಣವೆಂದು ಫೋನ್ ಮಾಡಿದರೆ
ಹುಲ್ಲು ಕತ್ತರಿಸುತ್ತಿದ್ದಾನೆ, ತಿಳಿಸುತ್ತೇನೆ, ಅಂದರು ಯಾರೋ.
ಹಿಂದೆ ಯಂತ್ರದ ಸದ್ದು. ನಿಲ್ಲಲಿಲ್ಲ.

ಆಗಸ್ಟಿನಿಂದ ಲೆಕ್ಕ ಬರತೊಡಗಿತು.
ಹನ್ನೊಂದು ಸಾವಿರ ಜನ ಮುಗಿಸಿದ್ದಾರೆ,
ನೂರಕ್ಕೆ ತೊಂಬತ್ತೇಳು ಪಾಸು.
ಪುಟ ಹದಿನಾಲ್ಕರಲ್ಲಿ ಎಲ್ಲರದ್ದೂ ಇಪ್ಪತ್ತೊಂದು ಸೆಕೆಂಡ್:
ಗುಂಡಿ ಬಂದದ್ದೇ ತಡ, ಒತ್ತು.
ಬೈಯುವುದು ಹೇಗೆ? ಬೆಂಕಿ ಬಿದ್ದರೆ ಏನು ಮಾಡಬೇಕೆಂಬ
ಆಫೀಸಿನ ಪಾಠವನ್ನು ನಾನೂ ಕಾಟಾಚಾರಕ್ಕೆ ಓಡಲು ಬಿಟ್ಟು
ಕಾಫಿ ತರಲು ಹೋದವಳೇ.

ಒಬ್ಬರು ಮಾತ್ರ.
ಹೆಸರಿಲ್ಲ, ನಮಗೆ ಹೆಸರು ಕೊಡುವುದಿಲ್ಲ,
ಹತ್ತಂಕಿಯ ಸಂಖ್ಯೆ, ಕೊನೆಗೆ ಎರಡು ಒಂಬತ್ತು.
ರಾತ್ರಿ ಎರಡೂಕಾಲಿಗೆ ಆ ಪುಟ ತೆರೆದು
ನಾಲ್ಕು ಗಂಟೆ ಎಂಟು ನಿಮಿಷ
ಅಲ್ಲೇ.
ಪ್ರುಡೆನ್ಸ್ ಕೇಳಿದ್ದಾಳೆ: ಇದೂ ದೋಷವೇ?

ನಿದ್ದೆ ಹತ್ತಿರಬಹುದು. ಯಾರೋ ಕರೆದು
ಲ್ಯಾಪ್‌ಟಾಪ್ ತೆರೆದೇ ಬಿಟ್ಟು ಎದ್ದಿರಬಹುದು.
ಅಥವಾ ಗುಂಡಿ ಬಂದದ್ದನ್ನು ಕಂಡೂ
ಕೈ ಮಡಿಲಲ್ಲೇ ಇಟ್ಟುಕೊಂಡು.

ಶುಕ್ರವಾರದೊಳಗೆ ಉತ್ತರ ಬೇಕಂತೆ.